ಹುಡುಗನ ಮನೆ ನೋಡಲು ಮೊಂಟೆವಿಡಿಯೋಗೆ

ಮುಐದರ್

ದೇಶ ನೋಡುವ ಹಂಬಲದಿಂದ ನಾನು ಉರುಗ್ವೆಗೆ ಹೋದವನಲ್ಲ. ಎರಡು ಮೊಣಕಾಲುಗಳಲ್ಲಿ ಒಂದು ಮಾತ್ರ ನನ್ನ ಮಾತು ಕೇಳುವ ಈ ವಯಸ್ಸಿನಲ್ಲಿ ಭೂಗೋಳದ ಆ ಮಗ್ಗುಲಿಗೆ ಹೋಗಿಬರಬೇಕಾದರೆ ತಕ್ಕ ಕಾರಣ ಬೇಕು. ನನ್ನ ಕಾರಣದ ಹೆಸರು ಅನಿತಾ, ನನ್ನ ಮಗಳು. ದೋಹಾದ ಹೊರಗಿನ ಒಂದು ಕುದುರೆ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅಲ್ಲಿಯೇ ಕುದುರೆಗಳ ವೈದ್ಯನಾಗಿರುವ, ಉರುಗ್ವೆ ದೇಶದ ಮಾರ್ತಿನ್ ಎಂಬವನನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಅವಳು ಕಳೆದ ಕ್ರಿಸ್‌ಮಸ್ಸಿನ ಮಧ್ಯಾಹ್ನ, ನಾನು ಇಡ್ಲಿಯಂಥ ಸನ್ನಣವನ್ನು ಕೋಳಿಸಾರಿನಲ್ಲಿ ಅದ್ದುತ್ತಿರುವಾಗ ಹೇಳಿದಳು. ಆ ಸನ್ನಣವನ್ನು ನಾನು ತಿನ್ನಲಿಲ್ಲವೆಂಬುದು ನನಗೆ ನೆನಪಿದೆ. ಅದನ್ನು ಯಾರೂ ಗಮನಿಸಲಿಲ್ಲವೆಂಬುದೂ ನೆನಪಿದೆ.

ನಾನು ಉಡುಪಿ ಕಡೆಯ ಕ್ರೈಸ್ತ. ಕತಾರಿನ ದುಖಾನಿನಲ್ಲಿ ತೈಲ ಕಂಪೆನಿಯೊಂದರ ಉಗ್ರಾಣ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಾಗದದಲ್ಲಿ ಬರೆದದ್ದು ಪೆಟ್ಟಿಗೆಯಲ್ಲಿ ಇದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಇರುವುದಿಲ್ಲವೆಂಬುದೇ ಹೆಚ್ಚಾಗಿ ನನ್ನ ಅನುಭವ. ನಿವೃತ್ತಿಯ ಬಳಿಕ ಮಗನ ವೀಸಾದಲ್ಲಿ, ದೋಹಾದ ಬಳಿಯ ಮುಐದರಿನ ಒಂದು ವಿಲ್ಲಾದ ಮೇಲಂತಸ್ತಿನಲ್ಲಿ, ಹೆಂಡತಿ ಲಿಲ್ಲಿಯೊಡನೆ ಇದ್ದೇನೆ.

ನಮ್ಮಲ್ಲಿ ಸಂಬಂಧವೊಂದು ಬಂದರೆ ಹುಡುಗನ ಮನೆ ನೋಡುವ ಪದ್ಧತಿಯಿದೆ. ಮನೆ ನೋಡುವುದೆಂದರೆ ಗೋಡೆ ಹೆಂಚು ನೋಡುವುದಲ್ಲ. ಇಗರ್ಜಿಯಲ್ಲಿ ವಿಚಾರಿಸಬೇಕು, ಹತ್ತಿರದ ಅಂಗಡಿಯಲ್ಲಿ ವಿಚಾರಿಸಬೇಕು, ಕೊನೆಗೆ ಮನೆಯವರ ಮುಖ ನೋಡಬೇಕು. ಅನಿತಾಳಿಗೆ ಬಂದ ಮೂರು ಸಂಬಂಧಗಳನ್ನು ನಾನು ಹೀಗೆ ವಿಚಾರಿಸಿಯೇ ಕೈಬಿಟ್ಟೆ. ಒಬ್ಬ ಮ್ಯಾನೇಜರನೆಂದು ಹೇಳಿಕೊಂಡಿದ್ದ, ಆಗಿರಲಿಲ್ಲ. ಇನ್ನೊಬ್ಬನ ತಾಯಿ ನಾನು ಎದುರು ಕುಳಿತಿರುವಾಗಲೇ ಎರಡು ಬಾರಿ ಗಡಿಯಾರ ನೋಡಿದಳು. ಮೂರನೆಯವನ ವಿಷಯ ಹೇಳತೊಡಗಿದರೆ ಈ ಬರಹ ಉರುಗ್ವೆಯನ್ನು ತಲುಪಲಾರದು. ಅನಿತಾಳಿಗೆ ಈಗ ಮೂವತ್ತನಾಲ್ಕು.

"ಪಪ್ಪಾ, ಇವನು ನಾಲ್ಕನೆಯವನು," ಎಂದಳು ಅವಳು. "ನೀವು ಬಂದು ಅವರ ಮನೆ ನೋಡಿ. ಬೇಡ ಅಂದರೆ ಬೇಡ, ನಿಮ್ಮ ಮಾತು ನಾನು ಮೀರುವುದಿಲ್ಲ. ಆದರೆ ಐದನೆಯವನನ್ನು ಮಾತ್ರ ತೋರಿಸಬೇಡಿ."

ಮನೆಯಲ್ಲಿ ನಮ್ಮ ಮಾತೆಲ್ಲ ಕೊಂಕಣಿಯಲ್ಲಿ. ಓದುವವರಿಗಾಗಿ ನಮ್ಮ ಕರಾವಳಿಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಅಂದು ಅಳಲಿಲ್ಲ. ಅತ್ತಿದ್ದರೆ ಉತ್ತರ ಕೊಡುವುದು ನನಗೆ ಸುಲಭವಾಗುತ್ತಿತ್ತು.

ಈಸ್ಟರ್ ಕಳೆದ ವಾರ ಹೊರಟೆವು. ಬೀಳ್ಕೊಡುವ ಹೊತ್ತಿಗೆ ಲಿಲ್ಲಿ ತಾರಸಿಯಲ್ಲಿ ಮೆಣಸು ತಿರುವಿಹಾಕುತ್ತಿದ್ದಳು. ಊರಿನಿಂದ ಬಂದವರು ತಂದುಕೊಟ್ಟ ಬ್ಯಾಡಗಿ ಮೆಣಸನ್ನು ಪ್ರತಿವರ್ಷ ಈ ದಿನಗಳಲ್ಲಿ, ಎರಡು ನೀರಿನ ಟ್ಯಾಂಕುಗಳ ನಡುವೆ ಹಳೆಯ ಚಾದರ ಹಾಸಿ ಅವಳು ಮತ್ತೆ ಒಣಗಿಸುತ್ತಾಳೆ. ನಮ್ಮ ಸಾರಿಗೆಲ್ಲ ಬೇಕಾದ ಮಸಾಲೆ, ವರ್ಷದ ಬಾಫಾತ್ ಪುಡಿ, ಅದರಿಂದಲೇ ಆಗಬೇಕು. ಮೊಣಕಾಲು ನೋವೆಂದು ಉರುಗ್ವೆಗೆ ಬರಲೊಲ್ಲದವಳು ತಾರಸಿಯ ಇಪ್ಪತ್ತೆರಡು ಮೆಟ್ಟಿಲುಗಳನ್ನು ದಿನಕ್ಕೆ ಮೂರು ಸಲ ಹತ್ತುತ್ತಿದ್ದಳು.

"ಅವರಿಗೆ ನಮ್ಮ ಬಗ್ಗೆ ಏನೂ ಗೊತ್ತಿಲ್ಲ. ಮಗಳನ್ನು ಕೇಳುವವರು ಒಂದು ಫೋನಾದರೂ ಮಾಡಬೇಕಿತ್ತು," ಎಂದೆ.

"ಅವರು ಕೇಳಲಿಲ್ಲ, ಇವಳೇ ಹೇಳಿದ್ದು," ಎಂದಳು ಲಿಲ್ಲಿ, ಬೆನ್ನು ನೆಟ್ಟಗೆ ಮಾಡದೆ. "ದೇವರು ನಿಮಗೆ ಕಣ್ಣು ಕೊಟ್ಟದ್ದು ತಪ್ಪು ಹುಡುಕಲಿಕ್ಕೆ ಮಾತ್ರ. ಅಲ್ಲಿಯೂ ನಿಮ್ಮಂಥವನೇ ಒಬ್ಬ ಸಿಗಬೇಕು ಮಾರಾಯ್ರೆ. ಆಗ ಗೊತ್ತಾಗ್ತದೆ ನಿಮಗೆ, ನಾನು ಎಂತ ಅನುಭವಿಸಿದ್ದು ಅಂತ."

ಸಾವೋ ಪೌಲೋ

ಹದಿನೈದು ಗಂಟೆ ಕುಳಿತ ಮೇಲೆ ವಿಮಾನದ ಬಾಗಿಲಲ್ಲಿ ಒಬ್ಬಾತ ಗಾಲಿಕುರ್ಚಿಯೊಂದಿಗೆ ನಿಂತಿದ್ದ. ಕೈಯಲ್ಲಿ ನನ್ನ ಹೆಸರಿನ ಚೀಟಿ. ಅನಿತಾ ನನಗೆ ತಿಳಿಸದೆ ಟಿಕೆಟ್ಟಿನಲ್ಲಿ ಬರೆಸಿದ್ದಳು. ನಾನು ನನ್ನ ಕೈಚೀಲವನ್ನು ಆ ಕುರ್ಚಿಯಲ್ಲಿ ಕೂರಿಸಿ, ಅದರ ಹಿಂದೆ ನಡೆದೆ. ಚೀಲವನ್ನು ಅವನು ತುಂಬಾ ಜೋಪಾನವಾಗಿ ತಳ್ಳಿಕೊಂಡು ಹೋದ. ಇಡೀ ನಿಲ್ದಾಣ ನಮಗೆ ದಾರಿ ಬಿಟ್ಟಿತು. ಮಗಳು ಹತ್ತು ಹೆಜ್ಜೆ ಹಿಂದೆ, ನಮ್ಮ ಪರಿಚಯವೇ ಇಲ್ಲದವಳಂತೆ ಬಂದಳು.

ಮೊಂಟೆವಿಡಿಯೋ, ಮೊದಲ ದಿನ

ಪಾಸ್‌ಪೋರ್ಟ್ ನೋಡಿದ ಅಧಿಕಾರಿಯ ಎದೆಯ ಫಲಕದಲ್ಲಿ ನನ್ನದೇ ಉಪನಾಮವಿತ್ತು. ಅವನು ಫಲಕವನ್ನೂ ಪಾಸ್‌ಪೋರ್ಟನ್ನೂ ನನ್ನ ಬಣ್ಣವನ್ನೂ ಸರದಿಯಂತೆ ನೋಡಿ, ಈ ಹೆಸರು ನನಗೆ ಎಲ್ಲಿಂದ ಬಂತೆಂದು ಕೇಳಿದ. ಪೋರ್ಚುಗೀಸರ ಕಾಲದಿಂದ, ನಾಲ್ಕುನೂರು ವರ್ಷಗಳಿಂದ ನಮ್ಮ ಮನೆಯಲ್ಲಿದೆ, ನಿಮಗೆ ಎಲ್ಲಿಂದ ಬಂತೆಂದು ನಾನೂ ಕೇಳಿದೆ. ಮಾರ್ತಿನ್‌ನಿಂದ ಸ್ಪ್ಯಾನಿಷ್ ಕಲಿತಿದ್ದ ಅನಿತಾ ಅದನ್ನು ಭಾಷಾಂತರಿಸಲಿಲ್ಲ. ಮುಂದಿನ ಮೇಜಿನಲ್ಲಿ ಒಬ್ಬ ಹೆಣ್ಣುಮಗಳು ಲಿಲ್ಲಿ ಕಟ್ಟಿಕೊಟ್ಟ ಒಣಸಿಗಡಿ ಚಟ್ನಿಯ ಬಾಟಲಿಯನ್ನು ತೆರೆದು ಮೂಸಿ, ಇನ್ನೊಬ್ಬಳನ್ನು ಕರೆದು ಮೂಸಿಸಿ, ಕೊನೆಗೆ ಕೈಗವಸು ತೊಟ್ಟು ಅದನ್ನು ಡಬ್ಬಕ್ಕೆ ಹಾಕಿದಳು. ಹೊರಗಿನ ಆಹಾರವನ್ನು ಒಳಗೆ ಬಿಡಬಾರದೆಂಬುದು ಅವರ ನಿಯಮವಿರಬಹುದು. ಮೂಗು ಮುಚ್ಚಿಕೊಳ್ಳಬೇಕೆಂಬುದು ನಿಯಮವಲ್ಲ.

ರಜೆಯ ಮೇಲೆ ಮೊದಲೇ ಊರಿಗೆ ಬಂದಿದ್ದ ಮಾರ್ತಿನ್ ಹೊರಗೆ ಕಾಯುತ್ತಿದ್ದ. ಅವನ ತಂದೆ ಊಗೋ ಬಂದಿರಲಿಲ್ಲ. ಮಗಳನ್ನು ಕರೆದುಕೊಂಡು ಒಬ್ಬ ಮನುಷ್ಯ ಭೂಮಿಯ ಅರ್ಧ ಸುತ್ತು ಬಂದರೆ ಹುಡುಗನ ತಂದೆ ನಿಲ್ದಾಣಕ್ಕೆ ಬರುವುದಿಲ್ಲ. ದೋಹಾದಲ್ಲಿ ಯಾರದೋ ದೂರದ ಸಂಬಂಧಿ ಬಂದಿಳಿದರೂ ಮೂರು ಕಾರು ಹೋಗುತ್ತವೆ. ಅವರ ಮನೆಯಲ್ಲಿ ಕೋಣೆ ಸಿದ್ಧವಿದೆಯೆಂದು ಮಾರ್ತಿನ್ ಹೇಳಿದಾಗ, ಸಂಬಂಧ ನಿಶ್ಚಯವಾಗುವ ಮೊದಲು ಆ ಮನೆಯಲ್ಲಿ ಮಲಗುವ ಕ್ರಮ ನಮ್ಮಲ್ಲಿಲ್ಲವೆಂದು ತಿಳಿಸಿ, ಹೋಟೆಲಿಗೆ ಹೋದೆ.

ಸಂಜೆ ನಾಲ್ಕಕ್ಕೆ ಅವರ ಮನೆಗೆ ಹೋದೆವು. ಅವನ ತಾಯಿ ಗ್ರಾಸಿಯೆಲಾ ಬಾಗಿಲಲ್ಲೇ ಕೆನ್ನೆಯನ್ನು ಮುಂದೆ ತಂದಳು. ಅಲ್ಲಿ ಗಂಡು ಹೆಣ್ಣೆನ್ನದೆ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವುದು ರೂಢಿ. ನಾನು ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದೆ. ಮುತ್ತು ಗಾಳಿಗೆ ಹೋಯಿತು. ಊಗೋ ಎತ್ತರದ, ಬಡಕಲು ಮನುಷ್ಯ; ನನ್ನದೇ ವಯಸ್ಸು. ಬಂದರಿನಲ್ಲಿ ಉಣ್ಣೆಯ ಮೂಟೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವನಂತೆ. ಮೂಟೆಯ ಹೊರಗೆ ಒಳ್ಳೆಯ ಉಣ್ಣೆ ಕಂಡರೂ ಮೊಣಕೈವರೆಗೆ ಕೈ ಹಾಕಿ ಒಳಗಿನದ್ದನ್ನು ಹೊರಗೆಳೆದು ನೋಡುತ್ತಿದ್ದನಂತೆ. ಅವನು ನನ್ನನ್ನು ನೋಡಿದ ರೀತಿಯೂ ಹಾಗೆಯೇ ಇತ್ತು.

ಕುಳಿತ ಮೇಲೆ ಮಾಟೆ ಬಂತು. ಇದು ಆ ದೇಶದ ಕಹಿ ಪಾನೀಯ. ಸಣ್ಣ ಸೋರೆಬುರುಡೆಯೊಂದಕ್ಕೆ ಹಸಿರು ಎಲೆಯ ಪುಡಿ ತುಂಬಿ, ಅದರಲ್ಲಿ ಒಂದು ಲೋಹದ ಹೀರುಗೊಳವೆ ನೆಟ್ಟು, ಫ್ಲಾಸ್ಕಿನಿಂದ ಬಿಸಿನೀರು ಹೊಯ್ಯುತ್ತಾರೆ. ಬುರುಡೆ ಒಂದೇ, ಕೊಳವೆ ಒಂದೇ, ಬಾಯಿ ಐದು. ಮೊದಲು ಊಗೋ ತಾನೇ ಕುಡಿದ. ಅತಿಥಿಗೆ ಕೊಡುವ ಮೊದಲು ಯಜಮಾನ ಕುಡಿಯುವುದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಗ್ರಾಸಿಯೆಲಾ, ಮಾರ್ತಿನ್, ಬಳಿಕ ನನ್ನ ಮಗಳು. ಅವಳು ಕೊಳವೆಗೆ ತುಟಿಯಿಟ್ಟ ಸಲೀಸನ್ನು ನೋಡಿದರೆ ಇದು ಮೊದಲ ಸಲವಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ನಾಲ್ಕು ಜನರ ಎಂಜಲು ನನ್ನ ಕೈಗೆ ಬಂತು.

ಬೇಡವೆನ್ನುವುದು ಮರ್ಯಾದೆಯಲ್ಲ. ಹಾಗಾಗಿ ಕಿಸೆಯಿಂದ ಕರವಸ್ತ್ರ ತೆಗೆದು, ಅದಕ್ಕೆ ಎರಡು ಹನಿ ಸ್ಯಾನಿಟೈಸರ್ ಹಾಕಿ, ಕೊಳವೆಯ ತುದಿಯನ್ನು ಚೆನ್ನಾಗಿ ಒರೆಸಿ ಕುಡಿದೆ. ಕಹಿಬೇವಿನ ಕಷಾಯ ಇದರ ಮುಂದೆ ಪಾನಕ. ಹೇಗೋ ಮುಗಿಸಿ, ಮರಳಿಸುವಾಗ ಬುರುಡೆಯನ್ನು ಎಡಕ್ಕೂ ಬಲಕ್ಕೂ ಮೂರು ಸಲ ಅಲುಗಿಸಿದೆ. ಕತಾರಿನಲ್ಲಿ ಅರಬ್ಬೀ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ. ಸಾಕೆನ್ನಲು ಬಟ್ಟಲನ್ನು ಅಲುಗಿಸಬೇಕು, ಇಲ್ಲದಿದ್ದರೆ ಹೊಯ್ಯುತ್ತಲೇ ಇರುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅದು ನನ್ನ ಮಣಿಕಟ್ಟಿಗೆ ಅಂಟಿದ ಸೌಜನ್ಯ.

ಊಗೋ ಬುರುಡೆಯೊಳಗೆ ಇಣುಕಿದ. ನನ್ನನ್ನು ನೋಡಿದ. ಎದ್ದು ಅಡುಗೆಮನೆಗೆ ಹೋಗಿ, ಅದರಲ್ಲಿದ್ದುದನ್ನೆಲ್ಲ ಚೆಲ್ಲಿದ. ಬುರುಡೆಯನ್ನು ಸಿಂಕಿನ ಅಂಚಿಗೆ ಕುಟ್ಟುವ ಸದ್ದು ನಾಲ್ಕು ಸಲ ಕೇಳಿಸಿತು. ಆಮೇಲೆ ಹೊಸ ಪುಡಿ ಹಾಕಿಕೊಂಡು ಬಂದ.

ನನ್ನ ಬಾಯಿ ತಾಗಿದ್ದನ್ನು ಚೆಲ್ಲಿದರು. ನಾಲ್ವರ ಬಾಯಿ ತಾಗಿದಾಗ ಚೆಲ್ಲದ್ದನ್ನು ನನ್ನದು ತಾಗಿದಾಗ ಚೆಲ್ಲಿದರು.

ಟ್ಯಾಕ್ಸಿಯಲ್ಲಿ ಹೋಟೆಲಿಗೆ ಹಿಂತಿರುಗುವಾಗ ಅನಿತಾ ಮಾತು ತೆಗೆದಳು. "ಪಪ್ಪಾ, ಸ್ಯಾನಿಟೈಸರ್ ಹಾಕಿ ಒರೆಸುವುದಾ? ಎಲ್ಲರ ಎದುರು?"

"ಒರೆಸಿದ್ದು ಶುಚಿತ್ವ. ಚೆಲ್ಲಿದ್ದು ಅವಮಾನ. ಎರಡೂ ಒಂದೇ ಅಲ್ಲ."

"ಅದು ಹಾಗಲ್ಲ, ಅವರು ಚೆಲ್ಲಿದ್ದು ಯಾಕೆಂದರೆ..."

ನಾನು ಕೈ ತೋರಿಸಿ ತಡೆದೆ. ಕಣ್ಣಾರೆ ಕಂಡದ್ದಕ್ಕೆ ವಿವರಣೆ ಬೇಕಾಗಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು.

ಮೊಂಟೆವಿಡಿಯೋ, ಎರಡನೆಯ ದಿನ

ಆ ಊರಿನ ಅಂಚಿನಲ್ಲಿ ನೀರಿನ ಉದ್ದಕ್ಕೂ ರಾಂಬ್ಲಾ ಎಂಬ ಕಾಲುದಾರಿಯಿದೆ. ದೋಹಾದ ಕಡಲಂಚಿನ ದಾರಿ ಕಾರ್ನಿಶ್ ಬಾಗಿದಂತೆಯೇ ಅದೂ ಬಾಗುತ್ತದೆ. ಉದ್ದ ಮಾತ್ರ ಬಹಳ. ಎದುರಿಗಿರುವುದು ಕಡಲಲ್ಲ, ನದಿ ಎನ್ನುತ್ತಾರೆ. ಆಚೆಯ ದಡ ಕಾಣುವುದಿಲ್ಲ, ಮರಳಿದೆ, ಅಲೆಯಿದೆ, ಆದರೂ ನದಿಯಂತೆ. ಬಣ್ಣ ನಮ್ಮ ಮಳೆಗಾಲದ ಹೊಳೆಯದ್ದು. ತನ್ನ ಮುಂದಿರುವ ನೀರು ಯಾವುದೆಂಬ ವಿಷಯದಲ್ಲೇ ನೇರ ಉತ್ತರವಿಲ್ಲದ ಊರನ್ನು ಎಷ್ಟು ನಂಬಬೇಕೆಂದು ನಾನು ಯೋಚಿಸಿದೆ. ನಡೆಯುವವರಲ್ಲಿ ಅರ್ಧಕ್ಕರ್ಧ ಜನ ಕಂಕುಳಲ್ಲಿ ಫ್ಲಾಸ್ಕ್ ಸಿಕ್ಕಿಸಿಕೊಂಡು, ಅದೇ ಕೈಯಲ್ಲಿ ಮಾಟೆ ಬುರುಡೆ ಹಿಡಿದಿದ್ದರು. ಒಂದು ಕೈ ಸದಾ ಅದಕ್ಕೇ ಮೀಸಲು. ಈ ಜನ ಛತ್ರಿ ಹಿಡಿಯುವುದು ಹೇಗೋ ತಿಳಿಯದು.

ಅನಿತಾಳನ್ನು ಮಾರ್ತಿನ್‌ನೊಂದಿಗೆ ಊರು ನೋಡಲು ಕಳುಹಿಸಿ, ನಾನು ಒಬ್ಬನೇ ವಿಚಾರಣೆಗೆ ಹೊರಟೆ. ಭಾಷಾಂತರಕ್ಕೆ ಫೋನು ಇತ್ತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಅದು ಸ್ಪ್ಯಾನಿಷಿನಲ್ಲಿ ಹೇಳುತ್ತಿತ್ತು, ಅವರದ್ದನ್ನು ಕನ್ನಡದಲ್ಲಿ. ಅದರ ಕನ್ನಡ ಸರಕಾರಿ ನೋಟೀಸಿನಂತಿತ್ತು. ಆದರೆ ವ್ಯಾಕರಣ ತಪ್ಪಿರಲಿಲ್ಲ. ಮನೆಯಲ್ಲಿ ನನ್ನ ಮೊಮ್ಮಕ್ಕಳ ಕನ್ನಡಕ್ಕೆ ಆ ಮಾತು ಹೇಳಲಾಗದು.

ಮೊದಲು ಇಗರ್ಜಿ. ಬೆಳಗ್ಗೆ ಹತ್ತಕ್ಕೆ ಬಾಗಿಲಿಗೆ ಬೀಗ. ಪಕ್ಕದ ಅಂಗಳ ಗುಡಿಸುತ್ತಿದ್ದ ಮುದುಕಿಯೊಬ್ಬಳು, "ಉಣ್ಣೆಯ ಊಗೋ ಇಲ್ಲಿಗೆ ಆಗಮಿಸುವುದಿಲ್ಲ. ಅವನ ಪತ್ನಿ ಆಗಮಿಸಿ ಮೇಣದಬತ್ತಿ ಬೆಳಗಿಸುತ್ತಾಳೆ," ಎಂದಳು, ಫೋನಿನ ಮೂಲಕ. ಅವಳ ಜಗಲಿಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನಲ್ಲಿ ಈಸ್ಟರಿನ ಹಿಂದಿನ ಪವಿತ್ರ ವಾರದ ಏಳೂ ದಿನಗಳ ಮೇಲೆ ಬೇರೇನೋ ಅಚ್ಚಾಗಿತ್ತು. ಫೋನನ್ನು ಅದರ ಮುಂದೆ ಹಿಡಿದೆ. ಪ್ರವಾಸೋದ್ಯಮ ವಾರ ಎಂದಿತು. ಯೇಸು ಶಿಲುಬೆಗೇರಿದ ದಿನ ಈ ಜನ ಪ್ರವಾಸ ಹೋಗುತ್ತಾರೆ, ಸರಕಾರವೇ ಹಾಗೆಂದು ಹೆಸರಿಟ್ಟಿದೆ. ಕತಾರ್ ಮುಸಲ್ಮಾನರ ದೇಶ. ಅಲ್ಲಿ ಗುಡ್ ಫ್ರೈಡೇಯಂದು ನಮ್ಮ ಇಗರ್ಜಿಯ ಆವರಣದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಬಿಸಿಲಲ್ಲಿ ನಿಂತು ನಾನು ಪ್ರಾರ್ಥನೆ ಕೇಳಿದ್ದೇನೆ.

ಬಳಿಕ ಅವರ ಬೀದಿಯ ಮೂಲೆಯ ಬೇಕರಿ. ಅಲ್ಲಿಯವಳು ನನ್ನ ಒಂದು ಪ್ರಶ್ನೆಗೆ ಮೂರು ಪ್ರಶ್ನೆ ಕೇಳಿದಳು: ನಾನು ಯಾರು, ಯಾವ ಹೋಟೆಲು, ಎಷ್ಟು ದಿನ. ಊಗೋ ಎಂಥ ಮನುಷ್ಯ ಎಂದದ್ದಕ್ಕೆ, "ಬ್ರೆಡ್ಡನ್ನು ಒತ್ತಿ ನೋಡದೆ ಖರೀದಿಸುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನೀಡಿದ ಸುಟ್ಟ ಬ್ರೆಡ್ಡಿನ ಬಗ್ಗೆ ಇಂದಿಗೂ ಉಲ್ಲೇಖಿಸುತ್ತಾನೆ," ಎಂದಳು. ಜಗಳಗಂಟನೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಇಗರ್ಜಿಗೆ ಹೋಗದವನು, ಅತಿಥಿಯ ಎಂಜಲನ್ನು ಚೆಲ್ಲುವವನು, ಬೇಕರಿಯವಳಿಗೂ ಬೇಡದವನು. ಹೋಟೆಲಿಗೆ ಮರಳುವಷ್ಟರಲ್ಲಿ ನನ್ನ ಉತ್ತರ ಸಿದ್ಧವಾಗಿತ್ತು. ಅದನ್ನು ಅನಿತಾಳಿಗೆ ಹೇಳುವ ಕ್ರಮ ಮಾತ್ರ ಸಿದ್ಧವಾಗಿರಲಿಲ್ಲ.

ಪುಂಟಾ ದೆಲ್ ಎಸ್ತೆ

ಮೂರನೆಯ ದಿನ ಊಗೋನ ಹಳೆಯ ಕಾರಿನಲ್ಲಿ ಐವರೂ ಕಡಲ ತೀರದ ವಿಹಾರದೂರಿಗೆ ಹೊರಟೆವು. ಮೊದಲೇ ಗೊತ್ತುಮಾಡಿದ್ದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ನನ್ನನ್ನು ಊಗೋನ ಪಕ್ಕದಲ್ಲಿ ಕೂರಿಸಿದರು. ಎರಡು ಗಂಟೆಯ ದಾರಿ, ಇಕ್ಕೆಲದಲ್ಲಿ ಹುಲ್ಲು ಮತ್ತು ದನ. ದುಖಾನಿನಿಂದ ದೋಹಾಕ್ಕೆ ಬರುವ ದಾರಿಯಲ್ಲಿ ಹುಲ್ಲೂ ಇಲ್ಲ, ದನವೂ ಇಲ್ಲ. ಆದರೆ ಆ ದಾರಿಯಲ್ಲಿ ನಾನು ಇಷ್ಟು ಮೌನವಾಗಿ ಯಾರ ಪಕ್ಕದಲ್ಲೂ ಕುಳಿತದ್ದಿಲ್ಲ.

ಆ ಊರಿನಲ್ಲಿ ಕಡಲಿಗೆ ಮುಖಮಾಡಿ ಇಪ್ಪತ್ತು ಮಹಡಿಯ ಕಟ್ಟಡಗಳು ಸಾಲುಗಟ್ಟಿವೆ. ಎಲ್ಲ ಕಿಟಕಿಗಳಿಗೂ ಪರದೆ ಇಳಿದಿತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅಂಗಡಿಗಳ ಗಾಜಿನ ಹಿಂದೆ ಈಜುಡುಗೆ ತೊಟ್ಟ ಗೊಂಬೆಗಳು ಹೊರಗಿನ ಚಳಿಗಾಳಿಯನ್ನು ನೋಡುತ್ತ ನಿಂತಿದ್ದವು. ಜನರೆಲ್ಲ ಎಲ್ಲಿಗೆ ಹೋದರೆಂದು ಕೇಳಿದೆ. ಬೇಸಿಗೆ ಮುಗಿದ ಮೇಲೆ ಯಾರೂ ಇರುವುದಿಲ್ಲ, ಇನ್ನು ಡಿಸೆಂಬರಿಗೇ ಬರುವುದೆಂದು ಮಾರ್ತಿನ್ ಹೇಳಿದ. ವರ್ಷಕ್ಕೆ ಎಂಟು ತಿಂಗಳು ಖಾಲಿಯಿರಲೆಂದೇ ಊರು ಕಟ್ಟುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಬೆನ್ನಿನ ಹಿಂದೆ ಏನೋ ನಡೆಯುತ್ತಿದೆಯೆಂದು ಎರಡು ಸಲ ತಿರುಗಿ ನೋಡಿದೆ.

ಬಂದರಿನಲ್ಲಿ ಮಾತ್ರ ಜೀವವಿತ್ತು. ಕಟ್ಟೆಯ ಮೇಲೆ ಮೀನು ಕೊಯ್ಯುತ್ತಿದ್ದರು. ಕೆಳಗೆ ನೀರಿನಲ್ಲಿ ಎಮ್ಮೆಗಾತ್ರದ ಕಡಲಸಿಂಹಗಳು ಮೀನಿನ ತಲೆಗಾಗಿ ಬಾಯಿ ತೆರೆದು ಕಾಯುತ್ತಿದ್ದವು. ಮಲ್ಪೆಯಲ್ಲಿ ಈ ಕೆಲಸವನ್ನು ಬೆಕ್ಕುಗಳೂ ಹದ್ದುಗಳೂ ಮಾಡುತ್ತವೆ, ಇಷ್ಟು ಬೊಬ್ಬೆ ಹಾಕದೆ.

ಅಲ್ಲಿ ಬೆಂಚಿನ ಬಳಿ ನಾನು ಅನಿತಾಳಿಗೆ ಕೊಂಕಣಿಯಲ್ಲಿ ಹೇಳಿದೆ: "ನನ್ನ ಉತ್ತರ ಇವತ್ತು ಹೇಳುತ್ತೇನೆ. ನಿನಗೆ ಅದು ಇಷ್ಟವಾಗಲಿಕ್ಕಿಲ್ಲ."

ಅವಳು ತಲೆಯೆತ್ತುವ ಮೊದಲೇ ಊಗೋ ಅವಳಿಗೆ ಏನೋ ಹೇಳಿದ. ಅವಳ ಮುಖದ ಬಣ್ಣ ಹೋಯಿತು.

"ಏನಂತೆ?" ಎಂದೆ.

"ಎಂತ ಇಲ್ಲ."

"ಅನಿತಾ."

"ನೀವು ಇವರ ಚರ್ಚಿಗೆ ಹೋಗಿದ್ದಿರಾ ಪಪ್ಪಾ? ಬೇಕರಿಗೆ? ಅವರನ್ನು ಇನ್ವೆಸ್ಟಿಗೇಟ್ ಮಾಡಲಿಕ್ಕೆ ಹೋದದ್ದು ಯಾಕೆ ಅಂತ ಕೇಳ್ತಿದ್ದಾರೆ. ಇಡೀ ಬೀದಿಗೆ ಗೊತ್ತುಂಟಂತೆ." ಅವಳು ನಮ್ಮಿಬ್ಬರನ್ನೂ ನೋಡಿದಳು. "ಮೂರು ದಿನದಿಂದ ನೀವು ಹೇಳಿದ್ದನ್ನು ಅವರಿಗೆ ಸಿಹಿ ಮಾಡಿ ಹೇಳ್ತಾ ಇದ್ದೇನೆ. ಅವರು ಹೇಳಿದ್ದನ್ನು ನಿಮಗೆ ಸಿಹಿ ಮಾಡಿ ಹೇಳ್ತಾ ಇದ್ದೇನೆ. ನನ್ನಲ್ಲಿ ಸಕ್ಕರೆ ಮುಗಿಯಿತು. ಖಲಾಸ್. ಇನ್ನು ನೀವೇ ಮಾತಾಡಿಕೊಳ್ಳಿ. ಬೇಡ ಅನ್ನುವುದಾದರೆ ಅದನ್ನೂ ಅವರಿಗೆ ನೀವೇ ಹೇಳಿ."

ಅವಳು ಮಾರ್ತಿನ್ ಮತ್ತು ಗ್ರಾಸಿಯೆಲಾರನ್ನು ಕರೆದುಕೊಂಡು ಮರಳಿನ ಕಡೆಗೆ ಹೊರಟುಹೋದಳು. ಬೆಂಚಿನಲ್ಲಿ ಉಳಿದದ್ದು ನಾನು, ಊಗೋ, ನಡುವೆ ಅವನ ಫ್ಲಾಸ್ಕು ಮತ್ತು ನನ್ನ ಫೋನು.

ಬಂದರಿನ ಬೆಂಚು

ಮೊದಲು ಅವನು ಫೋನಿನತ್ತ ಬಗ್ಗಿದ. ಮಾತು ಉದ್ದವಾಗಿತ್ತು. ಫೋನು ಅದನ್ನು ಒಂದೇ ಸ್ವರದಲ್ಲಿ ಓದಿತು.

"ನಾನು ಎರಡು ದಿನ ಕೋಣೆಗೆ ಬಣ್ಣ ಬಳಿದಿದ್ದೇನೆ. ನೀವು ಆಗಮಿಸಿದ ದಿನವೂ ಬಳಿಯುತ್ತಿದ್ದೆ. ನೀವು ಅದರಲ್ಲಿ ತಂಗಲು ನಿರಾಕರಿಸಿದ್ದೀರಿ. ನನ್ನ ಪತ್ನಿ ಬಲ ಕೆನ್ನೆಯನ್ನು ನೀಡಿದಾಗ ಹಿಂದೆ ಸರಿದಿದ್ದೀರಿ. ಹೀರುಗೊಳವೆಯನ್ನು ಔಷಧಿಯಿಂದ ಒರೆಸಿದ್ದೀರಿ. ತದನಂತರ ಮಾಟೆಯನ್ನು ಅಲುಗಾಡಿಸಿ ಹಾಳುಗೆಡವಿದ್ದೀರಿ."

ಕ್ರಮ ಸರಿಯಾಗಿತ್ತು. ಒಂದೂ ಬಿಟ್ಟುಹೋಗಿರಲಿಲ್ಲ. ಯಾವ ಕೆನ್ನೆಯೆಂಬುದು ನನಗೂ ನೆನಪಿರಲಿಲ್ಲ.

ನಾನು ನನ್ನ ದೂರುಗಳನ್ನು ಹೇಳಿದೆ: ನಿಲ್ದಾಣಕ್ಕೆ ಬಾರದಿದ್ದುದು, ಆ ಬಣ್ಣದ ವಿಷಯ ನನಗೆ ಯಾರೂ ತಿಳಿಸದಿದ್ದುದು, ಅವನೇ ಮೊದಲು ಕುಡಿದದ್ದು, ನನ್ನ ಬಾಯಿ ತಾಗಿದ್ದನ್ನು ಸಿಂಕಿಗೆ ಸುರಿದದ್ದು, ಮೇಲಾಗಿ ನಾಲ್ಕು ಸಲ ಕುಟ್ಟಿದ್ದು.

ಅವನು ಕೇಳಿಸಿಕೊಂಡು ಮಾಟೆಯ ವಿಷಯದಿಂದ ಶುರುಮಾಡಿದ. ಮೊದಲ ಸುತ್ತಿನದ್ದು ಪುಡಿ ತುಂಬಿದ, ಕೆಟ್ಟ ಕಹಿಯದ್ದು. ಅದನ್ನು ಹೊಯ್ಯುವವನೇ ಕುಡಿಯಬೇಕು, ಇನ್ನೊಬ್ಬರಿಗೆ ಕೊಡಬಾರದು ಎಂದ. ಅಲುಗಿಸಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಹಾಳಾದದ್ದನ್ನು ಅತಿಥಿಯ ಮುಂದೆ ಇಡಬಾರದೆಂದು ಹೊಸತು ಮಾಡಿ ತಂದೆ, ಅದನ್ನು ನೀವು ಮುಟ್ಟಲಿಲ್ಲ ಎಂದ. ಹಾಗಾದರೆ ನೀವು ಅಲುಗಿಸಿದ್ದೇಕೆ ಎಂದೂ ಕೇಳಿದ.

ಕತಾರಿನ ಬಟ್ಟಲಿನ ವಿಷಯ ಹೇಳಿದೆ. ಅವನು ಕೈಯಲ್ಲಿ ಬಟ್ಟಲಿಲ್ಲದೆಯೇ ಮಣಿಕಟ್ಟನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಿದ. "ಅಲುಗಾಡಿಸದಿದ್ದಲ್ಲಿ?"

"ಹೊಯ್ಯುತ್ತಲೇ ಇರುತ್ತಾರೆ."

"ಅದು ಸಮಂಜಸವಾದ ಪದ್ಧತಿ," ಎಂದಿತು ಫೋನು.

ಆಮೇಲೆ ಅವನು ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಬೆಂಚಿನ ಮೇಲೆ ಬಿಡಿಸಿದ. ಮೇಲಿನಿಂದ ತೆಗೆದ ಚಿತ್ರ. ಉಪಗ್ರಹದ್ದು, ಕಳೆದ ವರ್ಷದ್ದಿರಬೇಕು; ಕಂಪ್ಯೂಟರಿನಲ್ಲಿ ಯಾರಿಗಾದರೂ ಸಿಗುತ್ತದೆ. ಕಂದು ಮಣ್ಣು, ಬಿಳಿಯ ತಾರಸಿಗಳು, ಒಂದು ತಾರಸಿಯ ಸುತ್ತ ನೀಲಿ ಶಾಯಿಯ ವೃತ್ತ. ಎರಡು ಟ್ಯಾಂಕುಗಳನ್ನೂ ಮೆಟ್ಟಿಲ ಕೋಣೆಯನ್ನೂ ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಮುಐದರಿನ ನಮ್ಮ ವಿಲ್ಲಾ. ಟ್ಯಾಂಕುಗಳ ನಡುವೆ ಒಂದು ಕೆಂಪು ಚೌಕ. ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ; ಒಂದರ ಮೇಲೊಂದು ತಿದ್ದಿ ತಿದ್ದಿ ಕಾಗದ ಅಲ್ಲಿ ತೂತಾಗಿತ್ತು.

"ಇದು ಏನು?" ಎಂದ ಊಗೋ. "ಮಗನನ್ನು ಮೂರು ಬಾರಿ ಪ್ರಶ್ನಿಸಿದೆ. ಅವನು ನಕ್ಕನು. ಧ್ವಜವೇ? ಯಾವುದಾದರೂ ಪಕ್ಷದ ಸಂಕೇತವೇ? ಅಕ್ಕಪಕ್ಕದ ಯಾವ ಮನೆಯ ಮೇಲೆಯೂ ಇಲ್ಲ. ನಿಮ್ಮದರ ಮೇಲೆ ಮಾತ್ರ ಇದೆ."

ನನಗೆ ಮೊದಲು ಬಂದದ್ದು ಕೋಪ. ನನ್ನ ತಾರಸಿಯನ್ನು ಎಂಟು ಸಾವಿರ ಮೈಲಿ ದೂರದಿಂದ ಇಣುಕಿ ನೋಡಲು ಇವನು ಯಾರು? ಹಾಗೆಂದೇ ಕೇಳಿದೆ.

ಅವನು ತಡವರಿಸಲಿಲ್ಲ. "ನನಗೆ ಹೃದಯದ ತೊಂದರೆ ಇದೆ. ಅಲ್ಲಿಯವರೆಗೆ ಹಾರಲು ವೈದ್ಯರ ಅನುಮತಿ ಇಲ್ಲ. ಮಗನನ್ನು ನೀಡುವ ಮೊದಲು ತಂದೆಯು ಮನೆಯನ್ನು ನೋಡಬಾರದೇ? ನಾನು ಮೇಲಿನಿಂದ ನೋಡಿದೆ. ಈ ಕೆಂಪು ವಸ್ತುವಿನ ಕಾರಣದಿಂದ ನನ್ನ ಒಪ್ಪಿಗೆಯು ಇನ್ನೂ ಬಾಕಿ ಇದೆ."

ಅವನ ಒಪ್ಪಿಗೆ ಬಾಕಿಯಿತ್ತು. ಆ ಮನೆಯಿಂದಲೂ ಒಂದು ಒಪ್ಪಿಗೆ ಬರಬೇಕಾಗಿದೆಯೆಂಬುದು, ಸತ್ಯ ಹೇಳಬೇಕೆಂದರೆ, ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನನ್ನ ಮಗಳನ್ನು ಬೇಡವೆನ್ನುವ ಯೋಚನೆ ಒಬ್ಬನಿಗೆ ಇರಬಹುದೆಂಬುದೇ ದೊಡ್ಡ ಅವಮಾನ; ಅದನ್ನು ನಾನು ಮರೆಯುವವನಲ್ಲ. ಆದರೂ ಆ ಮೂರು ದಿನಗಳಲ್ಲಿ, ಆ ದೇಶದಲ್ಲಿ, ನಾನು ಕಂಡ ಮೊದಲ ಸರಿಯಾದ ನಡತೆ ಅದು. ಮ್ಯಾನೇಜರನೆಂದವನ ತಂದೆ ನಮ್ಮ ಮನೆಯ ಬಾಗಿಲನ್ನೂ ನೋಡಿರಲಿಲ್ಲ. ಗಡಿಯಾರ ನೋಡಿದವಳು ನಮ್ಮ ಊರಿನ ಹೆಸರನ್ನೇ ತಪ್ಪು ಹೇಳಿದ್ದಳು. ಇವನು ನಾಲ್ಕು ತಿಂಗಳಿಂದ ನನ್ನ ತಾರಸಿಯ ಒಂದು ಚೌಕದ ಮೇಲೆ ಕಣ್ಣಿಟ್ಟು ಕುಳಿತಿದ್ದ.

"ಅದು ಮೆಣಸು," ಎಂದೆ. "ನನ್ನ ಹೆಂಡತಿ ಒಣಗಿಸುವುದು. ವರ್ಷಕ್ಕೊಮ್ಮೆ, ಹಳೆಯ ಚಾದರದ ಮೇಲೆ."

ಫೋನು ಹೇಳಿತು. ಅವನು ನಂಬಲಿಲ್ಲ. ನಂಬದಿರುವುದನ್ನು ನಾನು ಮೆಚ್ಚಿದೆ. ಉಗ್ರಾಣದಲ್ಲಿ ನಾನೂ ಬಾಯಿಮಾತಿಗೆ ಸಹಿ ಹಾಕಿದವನಲ್ಲ. ಫೋನಿನಲ್ಲಿ ಲಿಲ್ಲಿಯ ಹಳೆಯ ಪಟಗಳನ್ನು ಹುಡುಕಿದೆ. ಕಳೆದ ವರ್ಷ ಅನಿತಾ ತೆಗೆದದ್ದೊಂದು ಸಿಕ್ಕಿತು: ಲಿಲ್ಲಿ ಸೆರಗು ಸಿಕ್ಕಿಸಿ ಬಗ್ಗಿದ್ದಾಳೆ, ಸುತ್ತ ಕೆಂಪು ಮೆಣಸು, ಎರಡೂ ಬದಿ ಟ್ಯಾಂಕು. ಊಗೋ ಕನ್ನಡಕ ಹಾಕಿಕೊಂಡು ಪಟವನ್ನು ನೋಡಿದ, ಕಾಗದವನ್ನು ನೋಡಿದ, ಟ್ಯಾಂಕುಗಳನ್ನು ಒಂದೊಂದಾಗಿ ಬೆರಳಿಟ್ಟು ತಾಳೆ ಹಾಕಿದ. ಆಮೇಲೆ ಪೆನ್ನು ತೆಗೆದು ಪ್ರಶ್ನಾರ್ಥಕವನ್ನು ಹೊಡೆದುಹಾಕಿದ.

"ನಿಮ್ಮ ಪತ್ನಿಯ ಬೆನ್ನಿಗೆ ನೋವಾಗುವುದಿಲ್ಲವೇ?" ಎಂದು ಕೇಳಿದ.

"ಆಗುತ್ತದೆ. ಹೇಳಿದರೆ ಕೇಳುವುದಿಲ್ಲ."

ಅವನು ತಲೆಯಾಡಿಸಿ ಹೊಸ ಮಾಟೆ ಮಾಡಿದ. ಮೊದಲನೆಯದನ್ನು ತಾನು ಕುಡಿದು ಮುಖ ಹಿಂಡಿದ; ಹಿಂಡಿದ್ದು ನನಗೆ ಕಾಣಲೆಂದೇ ಇರಬಹುದು. ಎರಡನೆಯದನ್ನು ನನ್ನ ಕೈಗೆ ಕೊಟ್ಟ. ನನ್ನ ಕೈ ಕರವಸ್ತ್ರಕ್ಕಾಗಿ ಕಿಸೆಗೆ ಹೋಯಿತು. ಅವನು ಕಡಲಸಿಂಹಗಳ ಕಡೆಗೆ ಮುಖ ತಿರುಗಿಸಿಕೊಂಡ. ಖಾಲಿ ಕೈಯನ್ನೇ ಹೊರಗೆ ತೆಗೆದು, ಕುಡಿದು, ಅಲುಗಿಸದೆ ಮರಳಿಸಿದೆ. ಅವನು ಮತ್ತೆ ಹೊಯ್ದ. ಹೀಗೆ ಐದು ಸಲವಾಯಿತು. ಆ ದೇಶದಲ್ಲಿ ಸಾಕೆನ್ನುವುದು ಹೇಗೆಂದು ನನಗೆ ಇಂದಿಗೂ ಯಾರೂ ಹೇಳಿಲ್ಲ.

ಮರಳಿನಲ್ಲಿ ಬೆರಳುಗಳು

ಬಂದರಿನ ಆಚೆ, ತೆರೆದ ಕಡಲಿನ ಮರಳಿನಲ್ಲಿ ಕಾಂಕ್ರೀಟಿನ ಐದು ದೈತ್ಯ ಬೆರಳುಗಳು ಎದ್ದು ನಿಂತಿವೆ. ಹೂತುಹೋದ ಮನುಷ್ಯನೊಬ್ಬನ ಕೈಯಂತೆ. ಅಲೆಗಳ ಅಪಾಯವನ್ನು ತಿಳಿಸಲು ಮಾಡಿದ್ದೆಂದರು. ಹಾಗಿದ್ದರೆ ಒಂದು ಫಲಕ ಸಾಕಿತ್ತು.

ಅನಿತಾ ಹೆಬ್ಬೆರಳಿನ ಕೆಳಗೆ ಕುಳಿತಿದ್ದಳು. ನಾವಿಬ್ಬರು ಒಟ್ಟಿಗೆ ನಡೆದು ಬರುವುದನ್ನು ನೋಡಿದಳು, ಏಳಲಿಲ್ಲ, ಕೇಳಲಿಲ್ಲ. ಮೂರು ಸಂಬಂಧಗಳ ಹೊತ್ತಿನಲ್ಲೂ ಅವಳು ಹೀಗೆಯೇ, ಕಾಲ ಬೆರಳುಗಳನ್ನು ನೋಡುತ್ತ ಕುಳಿತು ನನ್ನ ಉತ್ತರವನ್ನು ಕೇಳಿದ್ದಳು. ಅದು ನನಗೆ ಆಗ ಗಮನಕ್ಕೆ ಬಂದಿರಲಿಲ್ಲ.

ನಾನು ಅವಳ ಎದುರಿನಲ್ಲೇ ನಿಂತು ಮನೆಗೆ ಫೋನು ಮಾಡಿದೆ. ಅಲ್ಲಿ ಸಂಜೆಯ ಜಪಸರದ ಹೊತ್ತು. ಲಿಲ್ಲಿ ಅರ್ಧ ಪ್ರಾರ್ಥನೆಯಿಂದ ಎದ್ದು ಬಂದವಳ ದನಿಯಲ್ಲಿ ಮಾತಾಡಿದಳು.

"ಮೆಣಸು ತೆಗೆದಾಯಿತಾ?" ಎಂದೆ.

"ಇನ್ನೆರಡು ದಿನ ಬಿಸಿಲು ಬೇಕು. ಅದನ್ನು ಕೇಳಲಿಕ್ಕೆ ಅಷ್ಟು ದೂರದಿಂದ ಫೋನಾ?"

"ಇನ್ನೊಂದು ಚಾದರ ಹಾಸು. ಬಾಫಾತ್ ಪುಡಿ ಈ ಸಲ ಜಾಸ್ತಿ ಬೇಕು. ಬೀಗರ ಮನೆಗೂ ಕಳುಹಿಸಬೇಕು."

ಆ ಕಡೆ ಜಪಸರದ ಮಣಿಗಳು ಮೇಜಿಗೆ ತಾಗಿದ ಸದ್ದು ಕೇಳಿಸಿತು. ಈ ಕಡೆ ಅನಿತಾ ಎದ್ದು ನಿಂತು ಬಟ್ಟೆಯ ಮರಳು ಕೊಡವತೊಡಗಿದಳು. ಮರಳೆಲ್ಲ ಹೋದ ಮೇಲೂ ಕೊಡವುತ್ತಲೇ ಇದ್ದಳು.

"ಹಾಗಾದರೆ ಸಿಕ್ಕಿದನಾ?" ಎಂದಳು ಲಿಲ್ಲಿ ಕೊನೆಗೆ.

"ಯಾರು?"

"ನಿಮ್ಮಂಥವನು."

ಊಗೋ ಸ್ವಲ್ಪ ದೂರದಲ್ಲಿ ಕಾಂಕ್ರೀಟಿನ ಕಿರುಬೆರಳನ್ನು ಬೆರಳಿನಿಂದ ತಟ್ಟಿ, ಒಳಗೆ ಟೊಳ್ಳಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದ.

"ಸಿಕ್ಕಿದ," ಎಂದೆ. "ಚಾದರವನ್ನು ಟ್ಯಾಂಕುಗಳ ನಡುವೆಯೇ ಹಾಸು. ಅಂಚು ನೇರವಾಗಿರಲಿ. ನೋಡುವವರಿದ್ದಾರೆ."